ಕಲ್ನಾರಿನ ಸೂರು ಮತ್ತು ನಮ್ಮ ಉಸಿರು

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಅರ್ಥಪೂರ್ಣವಾದ ಹೆಸರಿದೆ. ಭೂಮಿಯಿಂದ ಅಗೆದು ತೆಗೆಯುವ ಈ ಖನಿಜವು ಕಲ್ಲೂ ಹೌದು, ಎಳೆಎಳೆಯಾಗಿ ಬಿಡಿಸಬಹುದಾದ ನಾರೂ ಹೌದು. ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಬೆಲೆಯೂ ಅಗ್ಗ. ಆದ್ದರಿಂದಲೇ ಕಳೆದ ಶತಮಾನದಲ್ಲಿ ಅದು ಹಡಗು, ವಾಹನದ ಬ್ರೇಕು, ನೀರಿನ ಕೊಳವೆ, ಮನೆಯ ಮಾಡು ಎಲ್ಲವನ್ನೂ ಹೊಕ್ಕಿತು. ನಮ್ಮ ಹಳ್ಳಿಗಳಲ್ಲಿ ಸಿಮೆಂಟ್ ಶೀಟು ಎಂದು ಕರೆಯುವ ಬೂದುಬಣ್ಣದ ಹೊದಿಕೆಯಲ್ಲಿ ಬಹುಪಾಲು ಸಿಮೆಂಟೇ ಇದ್ದರೂ ಅದಕ್ಕೆ ಬಿಗಿತ ಕೊಡುವುದು ಸಾಮಾನ್ಯವಾಗಿ ಈ ನಾರೇ.

ಸುಲಭವಾಗಿ ನಾಶವಾಗದ ಈ ಗುಣವೇ ದೇಹದೊಳಗೆ ಮುಳುವಾಗುತ್ತದೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದಲ್ಲಿ ನೆಲೆಸುತ್ತವೆ. ಶ್ವಾಸಕೋಶವನ್ನು ಗಡಸುಗೊಳಿಸುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಮತ್ತೊಂದು ಕ್ಯಾನ್ಸರ್, ಇವು ಅದರ ಫಲ. ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು ಹಲವು ಪಟ್ಟು ಹೆಚ್ಚುತ್ತದೆ. ರೋಗವು ತಲೆದೋರಲು ಅನೇಕ ವೇಳೆ 20ರಿಂದ 40 ವರ್ಷಗಳೇ ಬೇಕು. ಅಷ್ಟರಲ್ಲಿ ಕೆಲಸಗಾರನು ಊರು ಬದಲಿಸಿರುತ್ತಾನೆ, ಕಾರ್ಖಾನೆಯು ಮುಚ್ಚಿರುತ್ತದೆ. ಕೆಮ್ಮಿಗೆ ಕಾರಣವೇನೆಂದು ವೈದ್ಯರಿಗೂ ಹೊಳೆಯದೆ ಹೋಗಬಹುದು.

ಪಶ್ಚಿಮ ಆಸ್ಟ್ರೇಲಿಯಾದ ವಿಟ್ಟನೂಮ್ ಎಂಬ ಊರಿನಲ್ಲಿ 1966ರವರೆಗೆ ನೀಲಿ ಕಲ್ನಾರಿನ ಗಣಿಯಿತ್ತು. ಗಣಿಯ ತ್ಯಾಜ್ಯವನ್ನು ರಸ್ತೆಗೂ ಆಟದ ಬಯಲಿಗೂ ಹರಡಿದ್ದರು. ಗಣಿಗೆ ಇಳಿದವರಷ್ಟೇ ಅಲ್ಲ, ಅವರ ಬಟ್ಟೆ ಒಗೆದ ಮಡದಿಯರೂ ಆ ಬಯಲಿನಲ್ಲಿ ಆಡಿ ಬೆಳೆದ ಮಕ್ಕಳೂ ಮುಂದೆ ರೋಗಕ್ಕೆ ಬಲಿಯಾದರು. 2007ರಲ್ಲಿ ಆ ಊರಿನ ಅಧಿಕೃತ ಸ್ಥಾನಮಾನವನ್ನೇ ರದ್ದುಪಡಿಸಲಾಯಿತು.

ಐರೋಪ್ಯ ಒಕ್ಕೂಟವು 2005ರಲ್ಲಿಯೂ, ದೀರ್ಘಕಾಲ ಅದನ್ನು ಅಗೆದು ಮಾರಿದ ಕೆನಡಾವು 2018ರಲ್ಲಿಯೂ ಕಲ್ನಾರನ್ನು ನಿಷೇಧಿಸಿದವು. ಭಾರತವಾದರೋ ಇಂದಿಗೂ ಮುಖ್ಯವಾಗಿ ರಷ್ಯಾದಿಂದ ಅದನ್ನು ಆಮದು ಮಾಡಿಕೊಳ್ಳುತ್ತಿದೆ. ಬಿಳಿಯ ಕಲ್ನಾರನ್ನು ಎಚ್ಚರಿಕೆಯಿಂದ ಬಳಸಿದರೆ ಅಪಾಯವಿಲ್ಲವೆಂಬುದು ಉದ್ಯಮದವರ ವಾದ. ಆದರೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟವಾಗಿ ಹೇಳಿದೆ. ಅಷ್ಟಕ್ಕೂ, ಹಳ್ಳಿಯ ಮಾಡಿನ ಮೇಲೆ ಕುಳಿತು ಯಂತ್ರದಿಂದ ಶೀಟು ಕೊಯ್ಯುವ ಕೂಲಿಯವನಿಗೆ ಆ ಎಚ್ಚರಿಕೆಯನ್ನು ಕಲಿಸುವವರು ಯಾರು? ಮೂಗಿಗೆ ಕಟ್ಟಿದ ಟವೆಲ್ಲು ಆ ಎಳೆಗಳನ್ನು ತಡೆಯಲಾರದು. ಬಡವರ ಸೂರನ್ನು ಕಿತ್ತುಕೊಳ್ಳಬಾರದೆಂಬ ಮಾತು ನಿಜವೇ. ಹಾಗೆಂದು ಅವರ ಉಸಿರನ್ನು ಪಣಕ್ಕೊಡ್ಡುವುದು ನ್ಯಾಯವಲ್ಲ. ಸರ್ಕಾರವು ಇದನ್ನು ನಿಷೇಧಿಸಲೇಬೇಕು, ಬದಲಿ ಹೊದಿಕೆಗೆ ನೆರವನ್ನೂ ನೀಡಬೇಕು.

ಕಲ್ನಾರಿಲ್ಲದ ಸಿಮೆಂಟ್ ಶೀಟು, ಬಣ್ಣದ ಲೋಹದ ತಗಡು, ಮಂಗಳೂರು ಹಂಚು ಈಗಲೂ ದೊರೆಯುತ್ತವೆ. ಮನೆ, ದನದ ಕೊಟ್ಟಿಗೆ, ಶಾಲೆ ಯಾವುದನ್ನೇ ಹೊಸದಾಗಿ ಕಟ್ಟಿಸುವ ಭಕ್ತರು ಇವನ್ನೇ ಆರಿಸಿಕೊಳ್ಳಲಿ.

ಹಳೆಯ ಶೀಟು ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಗಾಬರಿಪಡಬೇಕಾಗಿಲ್ಲ. ಅದನ್ನು ಕೊಯ್ಯುವುದು, ಕೊರೆಯುವುದು, ಪಾಚಿ ತೆಗೆಯಲೆಂದು ಉಜ್ಜುವುದು ಬೇಡ. ತೆಗೆಯಲೇಬೇಕಾದರೆ ಬಲ್ಲವರಿಂದ ತೆಗೆಸಿರಿ. ನೀರು ಚಿಮುಕಿಸಿ, ಒಡೆಯದೆ, ಇಡಿಯಾಗಿಯೇ ಇಳಿಸಬೇಕು. ಒಡೆದ ಚೂರುಗಳನ್ನು ಅಂಗಳಕ್ಕೋ ಹೊಲದ ದಾರಿಗೋ ತುಂಬಬೇಡಿ. ಆ ಕೆಲಸದಲ್ಲಿ ತೊಟ್ಟ ಬಟ್ಟೆಯನ್ನು ಕೊಡವದೆ ನೀರಿನಲ್ಲಿ ನೆನೆಸಿ, ಬೇರೆಯಾಗಿಯೇ ಒಗೆಯಿರಿ.