ಲಾನ್ ಒಣಗಲಿ ಬಿಡಿ, ಸಸಿ ಉಳಿಸೋಣ

ಯಾವ ಬ್ಯಾಚ್‌ನ ಮಿನಿ ಪ್ರಾಜೆಕ್ಟ್ ಪಟ್ಟಿ ತೆಗೆದು ನೋಡಿದರೂ ಒಂದು ಹೆಸರು ಗ್ಯಾರಂಟಿ ಇರುತ್ತೆ: ‘ಸ್ಮಾರ್ಟ್ ಇರಿಗೇಶನ್ ಸಿಸ್ಟಮ್’. ಒಂದು ಆರ್ಡುಯಿನೋ, ಮಣ್ಣಿನ ತೇವ ಅಳೆಯೋ ಸೆನ್ಸರ್, ರಿಲೇ, ಪುಟಾಣಿ ಪಂಪ್, ಪಕ್ಕದಲ್ಲಿ ಒಂದು ತುಳಸಿ ಕುಂಡ. ನಾವೂ ಮಾಡಿದ್ದೆವು. ವೈವಾ ದಿನ ಸೆನ್ಸರನ್ನು ಒಣ ಮಣ್ಣಿಗೆ ಚುಚ್ಚಿದ ತಕ್ಷಣ ಪಂಪ್ ಆನ್ ಆಯ್ತು, ಮೇಡಂ ತಲೆ ಆಡಿಸಿದರು, ಮಾರ್ಕ್ಸ್ ಬಂತು. ಅದು 2024ರ ಬೇಸಿಗೆ. ಹದಿನೈದು ದಿನ ಬಿಟ್ಟು ಲ್ಯಾಬ್‌ಗೆ ಹೋದರೆ ತುಳಸಿ ಕಡ್ಡಿಯಾಗಿತ್ತು. ಸೆನ್ಸರ್ ಸರಿಯಾಗೇ ಇತ್ತು, ಪಂಪ್ ಕೂಡ. ಬಕೆಟ್‌ನಲ್ಲಿ ನೀರೇ ಇರಲಿಲ್ಲ. ಬಕೆಟ್ ತುಂಬಿಸೋದು ಯಾರ ಕೆಲಸ ಅಂತ ನಾವು ನಾಲ್ಕು ಜನ ಮಾತಾಡಿಕೊಂಡೇ ಇರಲಿಲ್ಲ.

ಆ ಬೇಸಿಗೆ ನೆನಪಿದೆಯಲ್ಲ? 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಮುಂದಿನ ಮಾರ್ಚ್ ಹೊತ್ತಿಗೆ ಬೆಂಗಳೂರಿನಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿದವು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಗಳಿಗೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು. ಅದೇ ಸಮಯದಲ್ಲಿ ಕಾಲೇಜಿಗೆ ಯಾವುದೋ ಕಮಿಟಿ ಬರುವುದಿತ್ತು. ಮೇನ್ ಬ್ಲಾಕ್ ಮುಂದಿನ ಲಾನ್ ಮಾತ್ರ ಹಚ್ಚಗೆ ಮಿಂಚುತ್ತಿತ್ತು. ಹಿಂದಿನ ಜೂನ್ 5ರಂದು, ಪರಿಸರ ದಿನಕ್ಕೆ, ನಾವೇ ಫೋಟೋ ಹೊಡೆಸಿಕೊಂಡು ನೆಟ್ಟ ಹೊಂಗೆ, ಬೇವು, ನೇರಳೆ ಸಸಿಗಳು ಹಿಂದಿನ ಗೇಟಿನ ಹತ್ತಿರ ಒಂದೊಂದಾಗಿ ಒಣಗುತ್ತಿದ್ದವು.

ನನ್ನ ತಕರಾರು ಇಷ್ಟೇ. ಬರ ಬಂದಾಗ ಕ್ಯಾಂಪಸ್‌ನಲ್ಲಿ ನೀರು ಕಡಿಮೆ ಆಗೋದು ಎಷ್ಟು ನಿಜವೋ, ಇರೋ ನೀರು ತಪ್ಪು ಗಿಡಕ್ಕೆ ಹೋಗೋದೂ ಅಷ್ಟೇ ನಿಜ.

ಲೆಕ್ಕ ಹಾಕೋಣ, ಇಂಜಿನಿಯರ್‌ಗಳಲ್ಲವೇ? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬಿರುಬೇಸಿಗೆಯಲ್ಲಿ ಹಸಿರಾಗಿರಬೇಕಾದ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕು ಅಂತಿಟ್ಟುಕೊಳ್ಳಿ. 50 ಮೀಟರ್ ಉದ್ದ, 40 ಮೀಟರ್ ಅಗಲದ ಲಾನ್ ಅಂದರೆ 2000 ಚದರ ಮೀಟರ್. ದಿನಕ್ಕೆ 10,000 ಲೀಟರ್! ಇನ್ನು ಒಂದು ಎಳೆ ಸಸಿಗೆ ವಾರಕ್ಕೊಮ್ಮೆ 20 ಲೀಟರ್ ಬುಡಕ್ಕೆ ನಿಧಾನವಾಗಿ ಕೊಟ್ಟರೆ ಜೀವ ಹಿಡಿದುಕೊಳ್ಳುತ್ತೆ. 200 ಸಸಿ ಇದ್ದರೆ ವಾರಕ್ಕೆ 4000 ಲೀಟರ್. ಅಂದರೆ ಲಾನ್ ಒಂದೇ ದಿನದಲ್ಲಿ ಕುಡಿಯೋ ನೀರಿನ ಅರ್ಧಕ್ಕಿಂತ ಕಡಿಮೆಯಲ್ಲಿ ನಮ್ಮ ಅಷ್ಟೂ ಸಸಿಗಳು ಒಂದು ವಾರ ಬದುಕುತ್ತವೆ.

ಲಾನ್ ಸತ್ತು ಹೋಗಲ್ವಾ ಅಂತ ಕೇಳಬಹುದು. ಗರಿಕೆ ಜಾತಿಯ ಹುಲ್ಲಾದರೆ ಅಷ್ಟು ಸುಲಭಕ್ಕೆ ಸಾಯಲ್ಲ. ಮೇಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತೆ, ಮಣ್ಣೊಳಗಿನ ಗೆಣ್ಣುಗಳು ನಿದ್ದೆ ಹೋಗುತ್ತವೆ. ಎರಡು ಒಳ್ಳೆ ಮಳೆ ಬಿದ್ದರೆ ಮತ್ತೆ ಚಿಗುರುತ್ತೆ. ಗಣೇಶನ ಹಬ್ಬದ ಹೊತ್ತಿಗೆ ಬೇಕಾದಷ್ಟು ಗರಿಕೆ ಕಿತ್ತುಕೊಳ್ಳಬಹುದು. ಅಂದದ ವಿದೇಶಿ ಹುಲ್ಲೇ ಆಗಿದ್ದು ಪೂರ್ತಿ ಸತ್ತರೂ ಒಂದು ಮಳೆಗಾಲದಲ್ಲಿ ಮತ್ತೆ ಹಾಕಬಹುದು. ಆದರೆ ಮೂರು ವರ್ಷದ ಹೊಂಗೆ ಸತ್ತರೆ ಆ ಮೂರು ವರ್ಷವನ್ನು ಯಾವ ನರ್ಸರಿಯೂ ಮಾರಲ್ಲ.

ಹಾಗಾಗಿ ಬರಗಾಲಕ್ಕೆ ಒಂದು ಸರದಿ ಬೇಕು. ಮೊದಲು ಕಳೆದ ಎರಡು ಮೂರು ವರ್ಷದಲ್ಲಿ ನೆಟ್ಟ ಸಸಿಗಳು. ಅವುಗಳ ಬೇರು ಇನ್ನೂ ಆಳಕ್ಕೆ ಇಳಿದಿರಲ್ಲ. ಆಮೇಲೆ ಪಾರ್ಕಿಂಗ್‌ನಲ್ಲಿ ಸುತ್ತ ಇಂಟರ್‌ಲಾಕ್ ಕಲ್ಲು ಹಾಕಿಸಿಕೊಂಡು ಉಸಿರು ಕಟ್ಟಿರೋ ದೊಡ್ಡ ಮರಗಳು. ಅವಕ್ಕೆ ಎರಡು ಮೂರು ವಾರಕ್ಕೊಮ್ಮೆಯಾದರೂ ಧಾರಾಳವಾಗಿ ನೀರು ಬೇಕು, ಅದೂ ಕಾಂಡದ ಬುಡಕ್ಕಲ್ಲ, ಕೊಂಬೆಗಳ ತುದಿಯ ನೆರಳು ಬೀಳುವ ಸುತ್ತಿನಲ್ಲಿ, ಅಲ್ಲಿ ಎಷ್ಟು ಮಣ್ಣು ತೆರೆದಿದೆಯೋ ಅಷ್ಟಕ್ಕೆ. ಮೂರನೆಯದು ದಾಸವಾಳ, ಬೇಲಿಗಿಡ ಇತ್ಯಾದಿ. ಕಾಗದದ ಹೂವಿನ ಗಿಡಕ್ಕೆ ಬೇರು ಹಿಡಿದ ಮೇಲೆ ನೀರಿನ ಚಿಂತೆಯೇ ಇಲ್ಲ, ಒಣಗಿಸಿದಷ್ಟೂ ಹೂ ಬಿಡುತ್ತೆ. ಕೊನೆಗೆ, ಮಿಕ್ಕಿದರೆ, ಸೀಸನ್ ಹೂಗಳು ಮತ್ತು ಲಾನ್. ಈಗಿನ ಪದ್ಧತಿ ಇದರ ತದ್ವಿರುದ್ಧ. ಗೇಟಿಗೆ ಹತ್ತಿರ ಇದ್ದದ್ದಕ್ಕೆ ಮೊದಲ ನೀರು, ಕಣ್ಣಿಗೆ ಬೀಳದ್ದಕ್ಕೆ ಏನೂ ಇಲ್ಲ.

ಹೇಗೆ ಕೊಡಬೇಕು ಅನ್ನೋದನ್ನು ನನಗೆ ಕಲಿಸಿದ್ದು ಯಾವ ಡೇಟಾಶೀಟೂ ಅಲ್ಲ, ನಮ್ಮ ಕ್ಯಾಂಪಸ್‌ನ ಮಾಲಿ ಅಣ್ಣ. ನಾವು ನಾಲ್ಕೈದು ಜನ ಉತ್ಸಾಹದಿಂದ ಬಾಟಲಿ ಹಿಡಿದುಕೊಂಡು ದಿನಾ ಸಸಿಗಳಿಗೆ ನೀರು ಚಿಮುಕಿಸೋದನ್ನು ನೋಡಿ ಅವರು ನಕ್ಕರು. “ಏನಪ್ಪಾ, ತೀರ್ಥ ಕೊಡ್ತಾ ಇದೀರಾ? ದಿನಾ ಒಂದು ಲೋಟ ಹಾಕೋ ಬದಲು ವಾರಕ್ಕೊಂದ್ಸಲ ಒಂದು ಬಿಂದಿಗೆ ಹಾಕಿ. ಮೇಲೆ ಮೇಲೆ ನೆನಸಿದ್ರೆ ಬೇರು ಮೇಲಕ್ಕೇ ಬರ್ತದೆ, ಆಮೇಲೆ ಒಂದಿನ ಮರೆತ್ರೂ ಗಿಡ ಹೋಯ್ತು,” ಅಂದರು. ಮಾರನೇ ದಿನ ಅವರ ಜೊತೆ ಕೂತು ಪ್ರತಿ ಸಸಿಗೂ ಪಾತಿ ಮಾಡಿದೆವು. ಪಾತಿಯೊಳಗೆ ಮೂರು ನಾಲ್ಕು ಬೆರಳು ದಪ್ಪ ತರಗೆಲೆ ಹಾಸಿದೆವು, ಕಾಂಡಕ್ಕೆ ಮಾತ್ರ ತಾಗದ ಹಾಗೆ. ಮಣ್ಣಿಗೆ ನೇರ ಬಿಸಿಲು ಬೀಳದಿದ್ದರೆ ಆವಿಯಾಗೋ ನೀರು ಎಷ್ಟೋ ಉಳಿಯುತ್ತೆ. ಅದೇ ತರಗೆಲೆಯನ್ನು ನಾವು ದಿನಾ ಗುಡಿಸಿ ಕಸದ ಗಾಡಿಗೆ ತುಂಬಿಸುತ್ತೇವೆ! ನೀರು ಹಾಕಬೇಕಾದ್ದು ಸಂಜೆ ಬಿಸಿಲು ಇಳಿದ ಮೇಲೆ, ಇಲ್ಲವೇ ಬೆಳಿಗ್ಗೆ ಏಳರ ಒಳಗೆ. ಬರದಲ್ಲಿ ಗೊಬ್ಬರ ಹಾಕಬಾರದು ಅನ್ನೋದೂ ಅವರ ಪಾಠವೇ. ಯೂರಿಯಾ ತಿಂದ ಗಿಡ ಹೊಸ ಎಲೆ ಬಿಡುತ್ತೆ, ಹೊಸ ಎಲೆ ಇನ್ನಷ್ಟು ನೀರು ಕೇಳುತ್ತೆ.

ಅವರೇ ತೋರಿಸಿದ ಇನ್ನೊಂದು ಉಪಾಯ ನನ್ನ ಪ್ರಾಜೆಕ್ಟಿನ ಅಹಂಕಾರ ಇಳಿಸಿತು. ಬಣ್ಣ, ಪಾಲಿಶ್ ಏನೂ ಇಲ್ಲದ ಮಣ್ಣಿನ ಮಡಕೆಯನ್ನು ಸಸಿಯ ಪಕ್ಕ ಕತ್ತಿನವರೆಗೆ ಹೂತು, ನೀರು ತುಂಬಿ, ಸೊಳ್ಳೆ ಆಗದ ಹಾಗೆ ಮುಚ್ಚಳ ಮುಚ್ಚೋದು. ಸುತ್ತಲಿನ ಮಣ್ಣು ಒಣಗಿದಾಗ ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಗೆ ಎಳೆದುಕೊಳ್ಳುತ್ತೆ. ಮಣ್ಣು ನೆನೆದಾಗ ಎಳೆತ ಕಡಿಮೆಯಾಗಿ ನೀರು ನಿಧಾನವಾಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರಲ್ಲಿ ನಾವು ಬ್ಲಾಕ್ ಡಯಾಗ್ರಾಮ್ ಬಿಡಿಸೋ ಫೀಡ್‌ಬ್ಯಾಕ್ ಇದೇ ಅಲ್ಲವೇ? ಬ್ಯಾಟರಿ ಬೇಡ, ಕೋಡ್ ಬೇಡ. ಆದರೆ ಮಡಕೆಗೂ ವಾರಕ್ಕೊಂದೆರಡು ಸಲ ಯಾರಾದರೂ ನೀರು ತುಂಬಲೇಬೇಕು. ಆ ‘ಯಾರಾದರೂ’ ಯಾರು ಅನ್ನೋದೇ ಪ್ರಶ್ನೆ.

“ಕುಡಿಯೋಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ತರೋದು?” ಅಂತ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಗಿಡಕ್ಕೆ ಕುಡಿಯೋ ನೀರು ಬೇಕಿಲ್ಲ ಅನ್ನೋದೇ ಉತ್ತರ. ಮೆಸ್‌ನಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ದಿನಾ ಮೋರಿಗೆ ಹೋಗುತ್ತೆ. ಸೆಮಿನಾರ್ ಹಾಲ್‌ನ ಎ.ಸಿ.ಯಿಂದ ತೊಟ್ಟಿಕ್ಕೋ ನೀರು ಗಿಡಕ್ಕೆ ಹೇಳಿ ಮಾಡಿಸಿದ್ದು; ಒಣಹವೆಯಲ್ಲಿ ಕಡಿಮೆ ಬರುತ್ತೆ ನಿಜ, ಆದರೂ ಕೆಳಗೊಂದು ಬಕೆಟ್ ಇಡೋಕೆ ಏನು ಕಷ್ಟ? ಸ್ನಾನದ ನೀರನ್ನು ದೊಡ್ಡ ಮರಗಳಿಗೆ ಅದೇ ದಿನ ಹಾಕಬಹುದು, ಒಂದು ದಿನಕ್ಕಿಂತ ಹೆಚ್ಚು ಇಟ್ಟರೆ ನಾರುತ್ತೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರು ಮಾತ್ರ ಬೇಡ. ಆರ್‌ಒ ಯಂತ್ರ ಹೊರಗೆ ಬಿಡೋ ನೀರಲ್ಲಿ ಉಪ್ಪಿನಂಶ ಜಾಸ್ತಿ, ಬರೀ ಅದನ್ನೇ ಸುರಿದರೆ ಮಣ್ಣು ಕೆಡುತ್ತೆ. ಅದನ್ನು ನೆಲ ಒರೆಸೋಕೆ ಬಳಸಿ, ಅಲ್ಲಿ ಉಳಿದ ಒಳ್ಳೆ ನೀರನ್ನು ಗಿಡಕ್ಕೆ ಕೊಡಿ. ಎಸ್‌ಟಿಪಿ ಇರೋ ಕ್ಯಾಂಪಸ್‌ಗಳಲ್ಲಂತೂ ಸಂಸ್ಕರಿಸಿದ ನೀರು ಗಿಡಗಳಿಗಲ್ಲದೆ ಇನ್ಯಾವುದಕ್ಕೆ?

ಸಾಲುಮರದ ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಹುಲಿಕಲ್‌ನಿಂದ ಕುದೂರಿನ ಕಡೆಗೆ ಅವರು ಬೆಳೆಸಿದ 385 ಆಲದ ಮರಗಳ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಬೇರೆ ಸಂಖ್ಯೆಗಳು. ಮೊದಲ ವರ್ಷ ಅವರೂ ಗಂಡ ಚಿಕ್ಕಯ್ಯನವರೂ ನೆಟ್ಟದ್ದು 10 ಸಸಿ. ಎರಡನೇ ವರ್ಷ 15, ಮೂರನೇ ವರ್ಷ 20. ಬಿಂದಿಗೆಯಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದು ಹಾಕಿದರು, ದನ ಮೇಯದ ಹಾಗೆ ಮುಳ್ಳಿನ ಬೇಲಿ ಕಟ್ಟಿದರು. ನೀರು ಹೊರೋಕೆ ಆಗುವಷ್ಟೇ ನೆಟ್ಟರು, ಅದಕ್ಕೇ ಅವು ಮರವಾದವು. ನಾವು ಒಂದೇ ಬೆಳಿಗ್ಗೆ 200 ನೆಡುತ್ತೇವೆ, ಮುಂದಿನ ಜೂನ್‌ನಲ್ಲಿ ಅವೇ ಗುಂಡಿಗಳಲ್ಲಿ ಮತ್ತೆ 200.

ಹಾಗಾಗಿ ನಮ್ಮ ಸಂಘಕ್ಕೆ, ಎನ್‌ಎಸ್‌ಎಸ್ ಗೆಳೆಯರಿಗೆ, ಆಡಳಿತದವರಿಗೂ ನನ್ನ ಬೇಡಿಕೆ ಮೂರೇ. ಒಂದು, ಬರದ ವರ್ಷದಲ್ಲಿ ಲಾನ್‌ಗೆ ನೀರು ನಿಲ್ಲಿಸಿ, ಯಾಕೆ ಅಂತ ಅಲ್ಲೇ ಒಂದು ಬೋರ್ಡ್ ಹಾಕಿ. ಬರುವ ಕಮಿಟಿಯವರೂ ಓದಲಿ, ಅವರ ಮನೆಯ ನಲ್ಲಿಯಲ್ಲೂ ನೀರು ಬರ್ತಿರಲ್ಲ, ಅರ್ಥ ಆಗುತ್ತೆ. ಎರಡು, ಮುಂದಿನ ಪರಿಸರ ದಿನಕ್ಕೆ 200 ಬೇಡ, 20 ಸಸಿ ನೆಡೋಣ. ಪ್ರತಿ ಸಸಿಗೆ ನಾಲ್ಕು ಜನ, ಅದರಲ್ಲಿ ಕನಿಷ್ಠ ಇಬ್ಬರು ಮೊದಲ ವರ್ಷದವರು, ರಜದಲ್ಲಿ ಯಾರ ಸರದಿ ಅನ್ನೋದು ಮೊದಲೇ ಬರೆದಿರಲಿ. ಲೆಕ್ಕ ಕೊಡಬೇಕಾದ್ದು ನೆಟ್ಟ ದಿನ ಅಲ್ಲ, ಮುಂದಿನ ಮೇ ತಿಂಗಳಲ್ಲಿ. ಮೂರು, ಯಾವ ಗಿಡಕ್ಕೆ ಎಷ್ಟು ನೀರು ಅನ್ನೋ ಮೀಟಿಂಗ್‌ಗೆ ಮಾಲಿ ಅಣ್ಣನನ್ನೂ ಕರೆಯಿರಿ, ಕುರ್ಚಿ ಹಾಕಿ ಕೂರಿಸಿ. ಆ ಬೇಸಿಗೆ ಲಾನ್‌ಗೆ ಪೈಪ್ ಹಿಡಿಯಿರಿ ಅಂತ ಅವರಿಗೆ ಹೇಳಿದವರು ಯಾರೂ ಅವರ ಅಭಿಪ್ರಾಯ ಕೇಳಿರಲಿಲ್ಲ.

ನಾವು ಪಾತಿ ಮಾಡಿ ಉಳಿಸಿಕೊಂಡದ್ದು ಹನ್ನೊಂದು ಸಸಿ. ಅದರಲ್ಲಿ ಒಂದು ಹೊಂಗೆ ಈಗ ನನಗಿಂತ ಎತ್ತರ ಇದೆ. ಕ್ಯಾಂಟೀನ್‌ನಿಂದ ಹಿಂದಿನ ಗೇಟಿಗೆ ಹೋಗುವಾಗ ಎಡಗಡೆ ಸಿಗುತ್ತೆ. ಮಳೆ ಬರದೆ ವಾರವಾಗಿದ್ದರೆ, ಕೈಯಲ್ಲಿ ನೀರಿದ್ದರೆ, ಬುಡಕ್ಕೆ ಹಾಕಿ ಹೋಗಿ.