ಕೂಸಿನ ಹಾಸು ಎಷ್ಟು ಮೆತ್ತಗಿರಬೇಕು?

ಕೂಸು ಬೋರಲು ಬೀಳುವ ಹೊತ್ತಿಗೆ ಹಿಂದಿನ ಮನೆಗಳಲ್ಲಿ ಒಂದು ಚಾಪೆ, ಅದರ ಮೇಲೆ ಅಜ್ಜಿ ಹಳೆಯ ಸೀರೆಗಳಿಂದ ಹೊಲಿದ ಕೌದಿ ಸಿದ್ಧವಾಗಿರುತ್ತಿದ್ದವು. ಇಂದು ನಗರದ ಮನೆಗಳ ನೆಲ ಗ್ರಾನೈಟಿನದು, ಇಲ್ಲವೆ ನುಣುಪಾದ ಟೈಲ್ಸಿನದು. ತಂಪು, ಗಟ್ಟಿ, ಜಾರಿಕೆ. ಆದುದರಿಂದಲೇ ಫೋಮಿನ ಆಟದ ಹಾಸುಗಳಿಗೆ ಇಷ್ಟು ಬೇಡಿಕೆ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದಷ್ಟೂ ಮೇಲೆಂದು ತಾಯಂದಿರು ಆರಿಸುವುದುಂಟು. ಈ ಎಣಿಕೆ ಸರಿಯಲ್ಲ.

ಮಗುವು ಕತ್ತೆತ್ತುವುದು, ಎದೆಯೆತ್ತುವುದು, ಅಂಬೆಗಾಲಿಡುವುದು, ಎಲ್ಲವೂ ನೆಲವನ್ನು ಒತ್ತಿಯೇ. ಒತ್ತಿದ ಕೈ ಹೂತುಹೋದರೆ ಅದರ ಶ್ರಮ ವ್ಯರ್ಥ. ಎಳೆಗೂಸಿನ ಮುಖವೇ ಹುದುಗಿದರೆ ಉಸಿರಿಗೆ ಸಂಚಕಾರ. ಇನ್ನೂ ತಾನಾಗಿ ಚಲಿಸಲಾರದ ಶಿಶುವನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ, ಬಿಡಿಬಿಡಿಯಾಗಿ, ಬೋರಲು ಮಲಗಿಸಿ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ಅದಕ್ಕೆ ತಕ್ಕುದು, ಒತ್ತಿದರೆ ತುಸು ತಗ್ಗಿ, ಕೈತೆಗೆದೊಡನೆ ಸಮವಾಗುವ ಹಾಸು. ಅಡಿಭಾಗ ನೆಲಕ್ಕೆ ಕಚ್ಚಿಕೊಳ್ಳಬೇಕು. ಹೊಸದಾಗಿ ನಡೆಯುವ ಮಗು ಎಡವುವಷ್ಟು ಅಂಚು ಎತ್ತರವಿರಬಾರದು.

ಎರಡನೆಯದು ಪದಾರ್ಥದ ವಿಚಾರ. ಕೆಲವು ಫೋಮ್ ಹಾಸುಗಳಲ್ಲಿ ಫಾರ್ಮಮೈಡ್ ಎಂಬ ರಾಸಾಯನಿಕದ ಶೇಷ ಉಳಿದಿರುತ್ತದೆ. ಈ ಕಾರಣದಿಂದಲೇ 2010ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶವು ತುಂಡು ಜೋಡಿಸುವ ಹಾಸುಗಳ ಮಾರಾಟವನ್ನು ತಡೆಯಿತು. ಅನಂತರ ಯೂರೋಪಿನಲ್ಲಿ ಫೋಮ್ ಆಟಿಕೆಗಳಿಗೆ ಇದರ ಮಿತಿಯೇ ಗೊತ್ತಾಯಿತು. ಘಾಟು ವಾಸನೆಯ ಹಾಸನ್ನು ಬಿಡುವುದು ಲೇಸು. ಆದರೆ ವಾಸನೆಯಿಲ್ಲದ ಮಾತ್ರಕ್ಕೆ ನಿರ್ದೋಷವೆನ್ನಲಾಗದು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಆಟಿಕೆಯೆಂದು ಮಾರುವ ಹಾಸಿನ ಮೇಲೆಯೂ ಅದನ್ನು ಹುಡುಕಿ ಕೊಳ್ಳತಕ್ಕದ್ದು.

ಅಕ್ಷರ, ಅಂಕೆಗಳು ಬಿಡಿಯಾಗಿ ಬರುವ ಹಾಸು ನೋಡಲು ಚೆಂದ. ಆದರೆ ಹಲ್ಲು ಬರುವ ಮಗುವಿಗೆ ಸಿಕ್ಕಿದ್ದೆಲ್ಲವೂ ಬಾಯಿಗೇ. ಕಚ್ಚಿದ ಫೋಮಿನ ಚೂರು ಗಂಟಲಲ್ಲಿ ಸಿಕ್ಕಿಕೊಂಡೀತು. ಮೂರು ವರ್ಷ ತುಂಬುವವರೆಗೆ ಒಂದೇ ಹರವಿನ ಹಾಸು ಮೇಲು.

ಜೊಲ್ಲು, ಹಾಲು, ಮೂತ್ರ ಬೀಳುವ ಜಾಗವಾದುದರಿಂದ ದಿನವೂ ಒರೆಸಬೇಕು. ನೆಲ ಸಾರಿಸುವಾಗ ಹಾಸನ್ನು ಎತ್ತಿ, ಎರಡೂ ಒಣಗಿದ ಮೇಲೆ ಹರಡಬೇಕು. ಮಳೆಗಾಲದಲ್ಲಿ ತೇವ ಸಿಕ್ಕಿಕೊಂಡರೆ ಅಡಿಯಲ್ಲಿ ಬೂಷ್ಟು ಕಟ್ಟುತ್ತದೆ.

ಆಟದ ಹಾಸು ಹಾಸಿಗೆಯಲ್ಲ. ಆಡುತ್ತಾಡುತ್ತಾ ನಿದ್ದೆಹೋದ ಕೂಸನ್ನು ಎತ್ತಿ, ದಿಂಬಿಲ್ಲದ ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ಮಂಚದ ಮೇಲಿಂದ ಬೀಳುವ ಮಗುವಿಗೂ ಕೆಳಗಿನ ಹಾಸು ರಕ್ಷೆಯಾಗಲಾರದು. ಎಷ್ಟೇ ಬೆಲೆಯ ಹಾಸಾದರೂ, ಪಕ್ಕದಲ್ಲಿ ಕುಳಿತವರ ಕಣ್ಣು ಮಾಡುವ ಕೆಲಸವನ್ನು ಅದು ಮಾಡದು.