ಬೀಗ ಹಾಕಿದ ಬೀರು, ಬಾಯಿಪಾಠದ ಪ್ರಬಂಧ

1/5
ಟೆಂತ್‌ನಲ್ಲಿ ನಾನು ‘ಗ್ರಂಥಾಲಯಗಳ ಮಹತ್ವ’ ಅಂತ ಪ್ರಬಂಧ ಬರೆದೆ. ಗೈಡ್ ನೋಡಿ ಉರು ಹೊಡೆದದ್ದು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಎಲ್ಲಾ ನೀಟು. ಮಾರ್ಕ್ಸೂ ಬಂತು.
ನಮ್ಮ ಸ್ಕೂಲ್ ಲೈಬ್ರರಿ ಅಂದ್ರೆ ಸ್ಟಾಫ್ ರೂಮಿನ ಮೂಲೇಲಿದ್ದ ಒಂದು ಕಬ್ಬಿಣದ ಬೀರು. ಮೂರು ವರ್ಷದಲ್ಲಿ ಅದರ ಬೀಗ ತೆಗೆದದ್ದು ನಾನು ನೋಡಿಲ್ಲ. ಮಹತ್ವದ ಬಗ್ಗೆ ಪುಟ ತುಂಬಿಸಿದ ಇಡೀ ಕ್ಲಾಸಲ್ಲಿ ಒಬ್ಬರೂ “ಸರ್, ಬೀರು ತೆಗೀರಿ” ಅನ್ನಲಿಲ್ಲ. ನಾನೂ ಅನ್ನಲಿಲ್ಲ.

2/5
“ಮಾರ್ಕ್ಸ್ ಬಂತಲ್ಲ, ಇನ್ನೇನು ಬೇಕು?” ಅಂತೀರಾ? ಹೋದ ವರ್ಷ ಕಾಲೇಜಲ್ಲಿ ಫೀಸ್ ಕಟ್ಟೋಕೆ ಟೈಮ್ ಕೇಳಿ ಒಂದು ಪತ್ರ ಬರೀಬೇಕಿತ್ತು. ಪೆನ್ ಹಿಡಿದು ಒಂದು ಗಂಟೆ ಕೂತೆ. ಯಾರಿಗೆ, ಏನು, ಯಾಕೆ ಅಂತ ನಾಲ್ಕು ಸಾಲು ಬರಲಿಲ್ಲ. ಹತ್ತು ವರ್ಷ ಪ್ರಬಂಧ ಬರೆದವನ ಕಥೆ ಇದು.

3/5
ತಪ್ಪು ಪೀಠಿಕೆದಲ್ಲ. ಚೌಕಟ್ಟು ಬೇಕೇ ಬೇಕು. ಆದ್ರೆ ಒಪ್ಪಿಸೋಕೆ ಒಬ್ಬ ಮನುಷ್ಯ ಎದುರಿಗಿಲ್ಲ ಅಂದ್ರೆ ಅದು ವಾದ ಅಲ್ಲ, ಮಂತ್ರ. ಮೊದಲು ರಫ್ ಶೀಟಲ್ಲಿ ಒಂದೇ ವಾಕ್ಯ ಬರೀರಿ: ಯಾರು, ಏನು ಮಾಡ್ಬೇಕು? “ಹೆಡ್‌ಮಾಸ್ಟರ್ ಪ್ರತಿ ಶನಿವಾರ ಅರ್ಧ ಗಂಟೆ ಬೀರು ತೆಗೆಸಬೇಕು.” ಈ ವಾಕ್ಯ ಬರದೆ ಪೀಠಿಕೆ ಮುಟ್ಟಬೇಡಿ.

4/5
ಆಮೇಲೆ ಕಾರಣ. “ಪುಸ್ತಕ ಜ್ಞಾನದ ಭಂಡಾರ” ಬೇಡ, ಅದಕ್ಕೆ ಯಾರೂ ಅಲುಗಾಡಲ್ಲ. ನಿಮ್ಮನೆ ಆಸ್ತಿ ತೆರಿಗೆ ರಸೀದಿ ನೋಡಿ. ನಾನು ಬಿಕಾಂ, ಲೆಕ್ಕ ಹೇಳ್ತೀನಿ: ಬೆಂಗಳೂರಲ್ಲಿ ತೆರಿಗೆ ಮೇಲೆ ಶೇ. 6 ಗ್ರಂಥಾಲಯ ಕರ. 1,000 ರೂಪಾಯಿಗೆ 60. ಆ ದುಡ್ಡು ಸಾರ್ವಜನಿಕ ಗ್ರಂಥಾಲಯಕ್ಕೆ, ಸ್ಕೂಲ್ ಬೀರುವಿಗಲ್ಲ. ಆದ್ರೂ ಓದೋದು ಅಷ್ಟು ಮುಖ್ಯ ಅಂತ ಸರ್ಕಾರವೇ ಒಪ್ಪಿದೆ ಅಂತಾಯ್ತಲ್ಲ? ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರೋದು ಬಳಸೋಕೆ ಅನ್ನೋದು. ಬೀಗ ಹಾಕಿಡೋಕಲ್ಲ.

5/5
ಕೊನೆಗೆ, ಎದುರಿನವರ ಭಯ ನೀವೇ ಬರೀರಿ. ಮೇಷ್ಟ್ರು ಬೀಗ ಹಾಕೋದು ದುಷ್ಟತನಕ್ಕಲ್ಲ. ಪುಸ್ತಕ ಕಳೆದ್ರೆ ಲೆಕ್ಕ ಕೊಡ್ಬೇಕಾದವರು ಅವರು. ಅದಕ್ಕೆ ಉತ್ತರ ಇಟ್ಕೊಂಡೇ ಹೋಗಿ: “ರಿಜಿಸ್ಟರ್ ನಾವಿಬ್ಬರು ಬರೀತೀವಿ ಸರ್, ಒಬ್ಬರಿಗೆ ಒಂದೇ ಪುಸ್ತಕ.” ಈ ಪ್ಯಾರಾ ಯಾವ ಗೈಡಲ್ಲೂ ನನಗೆ ಸಿಕ್ಕಿಲ್ಲ. ಒಪ್ಪಿಸೋದು ಇದೇ ಪ್ಯಾರಾ.
ನನ್ನ ತಂಗಿ ಈಗ ಅದೇ ಸ್ಕೂಲಲ್ಲಿ ಒಂಬತ್ತನೇ ಕ್ಲಾಸು. ಬೀರು ಅಲ್ಲೇ ಇದೆ, ಬೀಗಾನೂ. ಈ ಸಲ ಅವಳು ಪ್ರಬಂಧವನ್ನ ಎಕ್ಸಾಮ್ ಪೇಪರಲ್ಲಿ ಅಲ್ಲ, ಹೆಡ್‌ಮಾಸ್ಟರ್ ಟೇಬಲ್ ಮೇಲೆ ಇಡ್ತಾಳೆ. ನಿಮ್ಮ ಸ್ಕೂಲಲ್ಲಿ ಬೀಗ ಯಾವುದಕ್ಕಿದೆ? ಒಂದೇ ವಾಕ್ಯ, ಕಾಮೆಂಟಲ್ಲಿ ಬರೀರಿ.

#ಬೀಗತೆಗೀರಿ #ಪ್ರಬಂಧ #ಗೈಡ್‌ಬಿಡಿ